ಯೂಸರ್ ಕೆಂಚವ್ವ

ತುಕ್ಕಾನಟ್ಟಿಯ ಆ ಓಣಿಯಲ್ಲಿ ಹೋದ ದೀಪಾವಳಿಯ ತನಕ ಕೆಂಚವ್ವ ಅಂದರೆ ಬರೀ ಕೆಂಚವ್ವ. ಈಗ ಯೂಸರ್ ಕೆಂಚವ್ವ. ಹೆಸರು ಯಾರೂ ಇಟ್ಟಿದ್ದಲ್ಲ, ಅವಳೇ ಇಟ್ಟುಕೊಂಡಿದ್ದು. ನಳದ ಹತ್ತಿರ ಕೊಡ ಹಿಡಿದು ನಿಂತಾಗಲೋ, ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ಕೂತಾಗಲೋ ಯಾರಾದರೂ, “ಏನ ಕೆಂಚಕ್ಕಾ, ಮಾಯಪ್ಪನ ಮಗಳು ಹೊತ್ತ ಹೊಂಟರ ನಿಮ್ಮನ್ಯಾಗ ಇರತಾಳಲ್ಲ?” ಅಂದರೆ ಸಾಕು, ಸೆರಗು ಸರಿ ಮಾಡಿಕೊಂಡು ಹೇಳುವಳು:

“ನಾ ಆಕಿ ಯೂಸರ್ ಅದೀನಿ.”

ಯೂಸರ್ ಅಂದರೆ ಏನು ಅಂತ ಓಣಿಗೆ ಗೊತ್ತಿರಲಿಲ್ಲ. ಆದರೆ ಅವಳು ಹೇಳುವ ರೀತಿಯಲ್ಲೇ ಅದು ಅತ್ತೆ, ಚಿಗವ್ವ, ದೊಡ್ಡವ್ವ ಇವೆಲ್ಲಕ್ಕಿಂತ ಒಂದು ಮೆಟ್ಟಿಲು ಮೇಲಿನ ಸಂಬಂಧ ಅಂತ ಎಲ್ಲರಿಗೂ ತಿಳಿಯುತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ತಿಳಿದದ್ದು ರಾಮವ್ವನಿಗೆ. ಮಾಯಪ್ಪನ ಮಗಳು ಅರ್ಚನಾ, ಆ ಅರ್ಚನಾಳನ್ನು ಹೆತ್ತವಳು ರಾಮವ್ವ. ಆದರೆ ಅವಳು ಯೂಸರ್ ಅಲ್ಲ.

ಅರ್ಚನಾ ಹುಬ್ಬಳ್ಳಿಯಲ್ಲಿ ಡಿಸೈನ್ ಓದುತ್ತಾಳೆ. ಇದು ಕೊನೆಯ ವರ್ಷ. ಡಿಸೈನ್ ಅಂದರೆ ಸೀರೆಯ ಅಂಚಿಗೆ ಬಳ್ಳಿ ಬರೆಯುವುದು ಅಂತ ತಿಳಿದಿದ್ದ ಮನೆಯವರಿಗೆ ಅವಳು ರಜೆಗೆ ಬಂದಾಗಲೊಮ್ಮೆ ಹೊಸ ಪಾಠವಾಯಿತು. ಮೊದಲ ವರ್ಷ ಕಂಬಳಿಯ ಉಣ್ಣೆಯಿಂದ ಲ್ಯಾಪ್‌ಟಾಪಿಗೆ ಒಂದು ಚೀಲ ಮಾಡಿದಳು. ಉಣ್ಣೆ ನೂತು ಕೊಟ್ಟವಳು ರಾಮವ್ವ. ಆಮೇಲೆ ತಾಯಿ ಸತ್ತ ಕುರಿಮರಿಗೆ ಹಾಲು ಕುಡಿಸಲು ಒಂದು ಡಬ್ಬಿ ಮಾಡಿದಳು. ಮರಿಯನ್ನು ತೊಡೆಯ ಮೇಲೆ ಹಿಡಿದು ಫೋಟೋಕ್ಕೆ ಕೂತವಳು ರಾಮವ್ವ. ಆ ಫೋಟೋ ಕಾಲೇಜಿನ ಗೋಡೆಯ ಮೇಲೆ ಹಚ್ಚಿದ್ದಾರೆ ಅಂತ ಮಗಳು ಫೋನಿನಲ್ಲಿ ಹೇಳಿದ ದಿನ ರಾಮವ್ವ ಕುರಿದಡ್ಡಿಯ ಕಸ ಬಳಿಯುವುದಕ್ಕೂ ಇಳಕಲ್ ಸೀರೆ ಉಟ್ಟುಕೊಂಡು ಹೋಗಿದ್ದಳು. ಹೀಗಾಗಿ ಮಗಳ ಓದಿನಲ್ಲಿ ತನಗೊಂದು ಕಾಯಂ ಜಾಗ ಇದೆ ಅಂತ ಅವಳು ನಂಬಿಬಿಟ್ಟಿದ್ದಳು.

ಕೊನೆಯ ವರ್ಷದ ಪ್ರಾಜೆಕ್ಟು ಶುರುವಾಗಿದ್ದು ಹುಕ್ಕೇರಿಯಲ್ಲಿ. ಅಲ್ಲಿ ಸುಜಾತಾ ಅಂತ ಒಬ್ಬಾಕೆ ಜೋಳದ ರೊಟ್ಟಿಯ ಕೇಂದ್ರ ನಡೆಸುತ್ತಾಳೆ. ಸಾಲಾಗಿ ಒಲೆ, ಸಾಲಾಗಿ ಹೆಂಗಸರು, ಬೆಳಗಿನಿಂದ ರೊಟ್ಟಿ ಬಡಿಯುವುದೇ ಕೆಲಸ. ಅರ್ಚನಾ ಸುಮ್ಮನೆ ನೋಡಲು ಹೋದವಳು ಊಟದ ಹೊತ್ತಿಗೆ ಒಂದು ಸಂಗತಿ ಕಂಡಳು. ಕೂತವರೆಲ್ಲ ಎದ್ದರು, ಆದರೆ ಒಬ್ಬರೂ ನೆಟ್ಟಗೆ ಏಳಲಿಲ್ಲ. ಒಬ್ಬಾಕೆ ಗೋಡೆ ಹಿಡಿದಳು, ಇನ್ನೊಬ್ಬಳು ಬಾಜೂಕಿನವಳ ಹೆಗಲು ಹಿಡಿದಳು, ಮತ್ತೊಬ್ಬಳು ಮೊದಲು ಅಂಬೆಗಾಲಿಟ್ಟು ಆಮೇಲೆ ಎದ್ದಳು. ಮನೆಗೆ ಬಂದವಳೇ ಅಪ್ಪನಿಗೆ ಹೇಳಿದಳು, “ಅಪ್ಪಾ, ರೊಟ್ಟಿ ಬಡಿಯೂ ಹೆಣ್ಮಕ್ಕಳಿಗೆ ಕುಂದರಾಕ ನಾ ಒಂದ ಮಣಿ ಮಾಡಾಕಿ.”

ಮಾಯಪ್ಪ ಎಲಿಅಡಿಕಿಯ ಬಾಯಿ ಒಂದು ಕಡೆ ಸರಿಸಿ ಕೇಳಿದ, “ಮಣಿ ಮಾಡಾಕ ನಾಕ ವರ್ಷ ಓದಬೇಕಾತೇನಬೇ?”

“ಅಂಥಾ ಮಣಿ ಅಲ್ಲಪ. ಮಡಚಿದ ಕಾಲಿಗೆ ಒಂದ ಕಡೆ ತಗ್ಗ, ಇನ್ನೊಂದ ಕಡೆ ಎತ್ತರ, ಮುಂದಕ ಜರಾ ಇಳುಕಲ. ನಡಾ ಹಿಡಿಬಾರದು, ಹಂಗ.”

“ನಮ್ಮವ್ವ ನೆಲದ ಮ್ಯಾಲ ಕುಂತ ಊರಿಗೆಲ್ಲಾ ರೊಟ್ಟಿ ಹಾಕಿದ್ಳು.”

“ಅದಕ ಕಡೀಕ ಬಾಗೇ ಅಡ್ಡಾಡತಿದ್ಳು,” ಅಂದಳು ಮಗಳು. ಮಾಯಪ್ಪ ಎಲಿಅಡಿಕಿ ಉಗುಳಲು ಎದ್ದು ಹೋದ.

ಕಾಲೇಜಿನ ಸರ್ ಹೇಳಿದ್ದು ಇಷ್ಟು: ಮೊದಲು ನೂರು ಜನರನ್ನು ನೋಡಬೇಡ, ಒಬ್ಬರನ್ನು ನೋಡು. ಅವರ ಅಡುಗೆಮನೆಯಲ್ಲೇ ಕೂತು, ಅವರು ಹೇಗೆ ಕೂರುತ್ತಾರೆ, ಹೇಗೆ ಏಳುತ್ತಾರೆ, ಎಲ್ಲಿ ನೋಯುತ್ತದೆ, ಎಲ್ಲ ತಿಳಿದುಕೋ. ಆ ಒಬ್ಬರೇ ಯೂಸರ್. ಅರ್ಚನಾ ಮೊದಲು ಕೇಳಿದ್ದು ತನ್ನ ಅವ್ವನನ್ನೇ. ಇದನ್ನು ಯಾರೂ ಮರೆಯಬಾರದು. ರಾಮವ್ವನಂತೂ ಮರೆತೇ ಇಲ್ಲ.

ಇಲ್ಲಿ ಒಂದು ಕಿಂಡಿಯ ವಿಷಯ ಹೇಳಬೇಕು. ರಾಮವ್ವನ ಮನೆಗೂ ಕೆಂಚವ್ವನ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಆಚೆಗೊಂದು ಒಲೆ, ಈಚೆಗೊಂದು ಒಲೆ, ನಡುವೆ ಒಂದು ತಂಬಿಗೆ ಹಾಯುವಷ್ಟು ಕಿಂಡಿ. ಅದರಿಂದ ಕೆಂಡ ಹೋಗಿದೆ, ಮಜ್ಜಿಗೆ ಬಂದಿದೆ, ಹಬ್ಬದ ಹೋಳಿಗೆ ಹೋಗಿ ಬಂದು ಮಾಡಿದೆ. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು, ಕೆಂಚವ್ವ ವಯಸ್ಸಿನಲ್ಲಿ ತುಸು ದೊಡ್ಡವಳು. ಕೆಂಚವ್ವ ರೊಟ್ಟಿಗೆ ಕೂತರೆ ಎಡಗಾಲು ಮಡಚಿ ಬಲ ಮೊಣಕಾಲು ಎತ್ತುವಳು. ರಾಮವ್ವ ಬಲಗಾಲು ಮಡಚಿ ಎಡ ಮೊಣಕಾಲು ಎತ್ತುವಳು. “ಒಬ್ಬಾಕಿ ಕನ್ನಡಿ ಹೊರಗ, ಒಬ್ಬಾಕಿ ಕನ್ನಡಿ ಒಳಗ ಕುಂತಂಗ ಕಾಣತೀರಿ,” ಅಂತ ಕೆಂಚವ್ವನ ಅತ್ತೆ ನಗುತ್ತಿದ್ದಳಂತೆ.

ಗೆಳೆತನ ಇತ್ತು. ಅದರ ಜೊತೆಗೆ ಇನ್ನೊಂದೂ ಇತ್ತು. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ಮಾಯಪ್ಪ ಕುರಿ ಬಿಟ್ಟು ಬಂದು ಊಟಕ್ಕೆ ಕೂತ. ಎಂದೂ ಏನೂ ಅನ್ನದವನು ಅಂದು, “ಇಂದ ರೊಟ್ಟಿ ಭಾಳ ಛಲೋ ಆಗ್ಯಾವಲ್ಲ!” ಅಂದುಬಿಟ್ಟ. ರಾಮವ್ವನಿಗೆ ಅಂದು ಜ್ವರ. ರೊಟ್ಟಿ ಕಿಂಡಿಯಿಂದ ಬಂದಿದ್ದವು. ಆ ಒಂದು ಮಾತು ಮಾಯಪ್ಪ ಊಟದ ಜೊತೆಗೇ ನುಂಗಿ ಮರೆತ. ರಾಮವ್ವ ಮರೆಯಲಿಲ್ಲ. ಅಂದಿನಿಂದ ಅವಳು ರೊಟ್ಟಿ ಬಡಿಯುವಾಗ ಕೈಯ ಸಪ್ಪಳ ಕಿಂಡಿಯಾಚೆಗೂ ಕೇಳುವ ಹಾಗೆ ಬಡಿಯುತ್ತಾಳೆ.

ಅಂಥ ಅಡುಗೆಮನೆಯಲ್ಲಿ ಅರ್ಚನಾ ಅವ್ವನ ಎದುರಿಗೆ ಕೂತು ಕೇಳಿದಳು, “ಅವ್ವಾ, ರೊಟ್ಟಿ ಬಡಿಯೂ ಮುಂದ ನಿನಗ ಎಲ್ಲೆಲ್ಲಿ ಬ್ಯಾನಿ ಆಗತೈತಿ?”

ಆಚೆ ಒಲೆಯ ಹತ್ತಿರ ಸಪ್ಪಳ ಗಪ್ ಅಂತ ನಿಂತಿತು. ಕೆಂಚವ್ವ ಕಿವಿ ಕೊಟ್ಟಿದ್ದಾಳೆ ಅಂತ ರಾಮವ್ವನಿಗೆ ತಿಳಿಯಿತು.

“ನನಗೇನಾಗೈತಿ? ಕಲ್ಲ ಆಗೇನಿ, ಕಲ್ಲ.”

“ನಡಾ ಹಿಡಿಯೂದಿಲ್ಲ?”

“ಇಲ್ಲ.”

“ಮೊಣಕಾಲ?”

“ಇಲ್ಲಂದ್ನೆಲ್ಲಬೇ. ಕುಂದರಾಕ ಬರದವರಿಗೆ ಬ್ಯಾನಿ ಆಗತೈತಿ.” ಈ ಕೊನೆಯ ಮಾತನ್ನು ಅವಳು ಮಗಳಿಗೆ ಹೇಳಲಿಲ್ಲ, ಕಿಂಡಿಗೆ ಹೇಳಿದಳು.

ಕಿಂಡಿ ಸುಮ್ಮನಿರಲಿಲ್ಲ. “ಅರ್ಚನಾ, ಇತ್ತ ಬಾರಬೇ ತಂಗಿ. ನನಗ ಕುಂದರಾಕ ಬರೂದಿಲ್ಲ, ನನ್ನ ಕೇಳ.”

ಅರ್ಚನಾ ನಕ್ಕು ಎದ್ದು ಹೋದಳು. ಆಮೇಲೆ ಕೆಂಚವ್ವ ಶುರು ಮಾಡಿದಳು ನೋಡಿ, ದೇವರ ಹೆಸರು ಹೇಳಿದ ಹಾಗೆ ಒಂದೊಂದೇ ನೋವು ಹೇಳುತ್ತಾ ಹೋದಳು. ನಡು ಹೇಗೆ ಹಿಡಿಯುತ್ತದೆ, ಮಡಚಿದ ಕಾಲು ಹೇಗೆ ಜೋಮು ಹಿಡಿದು ಯಾರದೋ ಕಾಲು ಅನಿಸುತ್ತದೆ, ಹೆಗಲಿನಿಂದ ಒಂದು ಹುರಿ ಎಳೆದ ಹಾಗೆ ಕುತ್ತಿಗೆಗೆ ಹೇಗೆ ಏರುತ್ತದೆ. ಹೇಳುವುದರಲ್ಲಿ ಅಂಥ ಸೊಗಸು ಇತ್ತು ಅಂದರೆ ಈಚೆ ಕೂತ ರಾಮವ್ವನಿಗೆ ನೋವಿನ ಮೇಲೂ ಹೊಟ್ಟೆಕಿಚ್ಚಾಯಿತು.

ಅಂದಿನಿಂದ ಮಗಳು ಗೋಡೆಯಾಚೆಗೆ ಹೋದಳು.

ಮಗಳು ಕಣ್ಣಿಗೆ ಕಾಣುತ್ತಿರಲಿಲ್ಲ, ಬರೀ ದನಿ ಕೇಳುತ್ತಿತ್ತು. ಕಣ್ಣಾರೆ ಕಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. “ದೊಡ್ಡವ್ವಾ, ಇನ್ನೊಮ್ಮಿ ಎದ್ದ ಕುಂದರ.” “ದೊಡ್ಡವ್ವಾ, ಹಿಟ್ಟ ನಾದೂದ ಈ ಕಡಿಂದ ತೋರಸ.” “ಆಹಾ, ಎಷ್ಟ ಛಂದ ತಿರುಗತಾವ ನಿನ್ನ ಕೈ!” ನನ್ನ ಕೈಯಿಂದ ಉಂಡು ಇಷ್ಟು ಎತ್ತರ ಬೆಳೆದವಳು, ಒಂದು ದಿನ ನನ್ನ ಕೈಗೆ ಛಂದ ಅಂದಿದ್ದಾಳೇನು ಅಂತ ರಾಮವ್ವ ಹಂಚಿನ ಮೇಲಿನ ರೊಟ್ಟಿಯನ್ನು ಕೇಳಿದಳು. ರೊಟ್ಟಿ ಹೊತ್ತಿತು. ಎದ್ದು ಹೋಗಿ ಹಳೆಯ ಕಂಬಳಿಯ ಒಂದು ಚೂರು ತಂದು ಕಿಂಡಿಗೆ ತುರುಕಿದಳು. ಮಗಳ ದನಿ ಮಂದವಾಯಿತೇ ಹೊರತು ನಿಲ್ಲಲಿಲ್ಲ. ಈಗ ಶಬ್ದ ಅರ್ಧ ಕೇಳಿ, ಉಳಿದರ್ಧ ಅವಳೇ ಕಟ್ಟಿಕೊಳ್ಳಬೇಕಾಯಿತು. ಕಟ್ಟಿಕೊಂಡದ್ದು ಕೇಳಿದ್ದಕ್ಕಿಂತ ಕೆಟ್ಟದಾಗಿತ್ತು.

ಒಂದು ದಿನ ಮಗಳು ಮಧ್ಯಾಹ್ನ ಬಂದವಳು ತಾಟಿನ ಕಡೆ ನೋಡಲಿಲ್ಲ.

“ಉಣ್ಣಬೇ.”

“ದೊಡ್ಡವ್ವ ಬಿಡಲಿಲ್ಲಬೇ, ಅಲ್ಲೇ ಉಂಡೆ.”

“ಹೂಂ. ಯೂಸರ್ ಉಣಿಸಿದ್ಳು.” ರಾಮವ್ವ ತಾಟಿಗೆ ಇನ್ನೊಂದು ತಾಟು ಬೋರಲು ಹಾಕಿದಳು. “ಅಲ್ಲಬೇ, ಯೂಸರ್ ಅಂದ್ರ ಏನ?”

“ಯಾರ ಸಲುವಾಗಿ ನಾವ ಸಾಮಾನ ಮಾಡತೇವಲ್ಲ, ಅವರು. ಅವರ್ನ ಬಿಟ್ಟರ ನಮ್ಮ ಕೆಲಸಕ್ಕ ಅರ್ಥನ ಇಲ್ಲ.”

“ಮತ್ತ ನಾ ಏನ?”

ಅರ್ಚನಾ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಅಂದಳು, “ನೀ ಅವ್ವ.”

“ಅಷ್ಟ?”

“ಹೂಂ, ಅಷ್ಟ.”

ಆ ಸಂಜೆ ರಾಮವ್ವ ನಡುವಿನ ಮೇಲೆ ಕೈ ಇಟ್ಟುಕೊಂಡು ಪಡಸಾಲೆಗೆ ಬಂದಳು. ಮಾಯಪ್ಪ ಇದ್ದ, ಅರ್ಚನಾ ಇದ್ದಳು. “ನನಗೂ ನಡಾ ಭಾಳ ಹಿಡಿತೈತಿ,” ಅಂದಳು. “ರೊಟ್ಟಿಗೆ ಕುಂತರ ಏಳಾಕ ಆಗೂದಿಲ್ಲ.”

ಮಾಯಪ್ಪ ಕಿಸಕ್ಕನೆ ನಕ್ಕ. “ಯಾವಾಗಿಂದ ಬೇ? ಕೆಂಚವ್ವಗ ಹಿಡದಾಗಿಂದ?”

“ಅವ್ವಾ, ಕಲ್ಲ ಆಗೇನಿ ಅಂದಿದ್ದಿ,” ಅಂದಳು ಅರ್ಚನಾ, ಪ್ರೀತಿಯಿಂದಲೇ. “ಹೊಟ್ಟಿಕಿಚ್ಚಿಗೆ ಇಲ್ಲದ್ದ ಬ್ಯಾನಿ ತರಸ್ಕೋಬ್ಯಾಡ. ನಿನಗೂ ಒಂದ ಮಣಿ ಮಾಡಸತೇನಿ ತಗೋ, ಆಮ್ಯಾಲ.”

ಇಲ್ಲದ ಬ್ಯಾನಿ! ಅದು ಅವಳ ನಡುವಿನಲ್ಲಿ ಎಷ್ಟೋ ವರ್ಷದಿಂದ ಇತ್ತು. ನಾಕು ರೊಟ್ಟಿ ಬಡಿದ ಮೇಲೆ ಐದನೆಯದಕ್ಕೆ ಮೊದಲು ಅವಳು ನಿಲ್ಲಲೇಬೇಕಿತ್ತು. ಒಲೆಗೆ ಕಟ್ಟಿಗೆ ಸರಿ ಮಾಡುವ ನೆಪದಲ್ಲಿ ಹಿಂದಕ್ಕೆ ವಾಲಿ, ಅಂಗೈಯಿಂದ ನಡುವನ್ನು ಒತ್ತಿ, ಬಾಯೊಳಗೇ “ಅಯ್ಯ ನನ ಶಿವನ” ಅಂದು, ಮತ್ತೆ ಕೂರುವಳು. ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಯಾಕೆಂದರೆ ರೊಟ್ಟಿ ಬಡಿಯುವ ಹೊತ್ತಿಗೆ ಯಾರೂ ಅಡುಗೆಮನೆಗೆ ಬರುವುದಿಲ್ಲ, ತಿನ್ನುವ ಹೊತ್ತಿಗೆ ಬರುತ್ತಾರೆ. ಕೇಳಿದ ದಿನ ಇಲ್ಲ ಅಂದವಳು ಇಂದು ಹೌದು ಅಂದರೆ ಯಾರು ನಂಬಬೇಕು?

ಮುಂದೆ ಗೋಕಾಕದ ದಿನ ಬಂತು. ಗೋಕಾಕದಲ್ಲಿ ದುಂಡಪ್ಪ ಅಂತ ಬಡಿಗ. ತೊಟ್ಟಿಲು, ಮಣೆ, ಬಣ್ಣದ ಗೊಂಬೆ ಎಲ್ಲ ಮಾಡುವವನು. ಅರ್ಚನಾ ತನ್ನ ಚಿತ್ರವನ್ನು ಅವನಿಗೆ ಮೊದಲೇ ಕೊಟ್ಟಿದ್ದಳು. ಆದರೆ ತಗ್ಗು ಯಾವ ಕಡೆ, ಎತ್ತರ ಎಷ್ಟು ಅನ್ನುವುದನ್ನು ಕೂರುವವರ ಮೈ ನೋಡಿಯೇ ಅಳೆಯಬೇಕಿತ್ತು. ಅದಕ್ಕೆ ಕೆಂಚವ್ವನನ್ನು ಕರೆದುಕೊಂಡು ಹೊರಟಳು. ಬಸ್‌ಸ್ಟ್ಯಾಂಡಿಗೆ ಬಂದು ನೋಡಿದರೆ ಅಲ್ಲಿ ರಾಮವ್ವ, ಕೈಯಲ್ಲಿ ಚೀಲ ಹಿಡಿದು ನಿಂತಿದ್ದಾಳೆ.

“ನೀ ಎಲ್ಲಿಗೆ ಬೇ?”

“ಗೋಕಾಕಕ್ಕ. ಕರದಂಟ ತರಬೇಕಾಗೈತಿ.”

“ಯಾರಿಗೆ?”

“ಯಾರಿಗರೇ ಬೇಕಾಗತೈತಿ.”

ಬಸ್ಸಿನಲ್ಲಿ ಮಗಳು ಕೆಂಚವ್ವನ ಪಕ್ಕ ಕೂತಳು. ರಾಮವ್ವನಿಗೆ ಹಿಂದೆ, ಒಬ್ಬ ಅಪರಿಚಿತನ ಕೋಳಿಯ ಬುಟ್ಟಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನಲ್ಲಿ ಎರಡು ತಲೆ ಒಂದು ಮೊಬೈಲಿನ ಮೇಲೆ ಬಾಗಿ ನಗುವುದನ್ನು ನೋಡುತ್ತ ಅವಳು ಗೋಕಾಕ ಮುಟ್ಟಿದಳು. ಕೋಳಿಗಳೂ ಅವಳಷ್ಟು ಕುದಿಯುತ್ತಿರಲಿಲ್ಲ.

ದುಂಡಪ್ಪನ ಅಂಗಡಿಯಲ್ಲಿ ಅವನಿನ್ನೂ ಒಂದು ಹಲಗೆ ಕೊಯ್ಯುತ್ತಿದ್ದ. “ಜರಾ ತಡೀರಿ, ಇದೊಂದ ಮುಗಸತೇನಿ,” ಅಂದ. ಆ ಹೊತ್ತಿನಲ್ಲಿ ಪ್ರಿಂಟ್ ತೆಗೆಸಿಕೊಂಡು ಬರುತ್ತೇನೆ ಅಂತ ಅರ್ಚನಾ ಹೋದಳು. ಕೆಂಚವ್ವ ಹೇಳಿದಳು, “ರಾಮವ್ವಾ, ನೀ ಕುಂದರ. ಕರದಂಟಿನ ಅಂಗಡಿಯಾಂವ ನನಗ ಗುರತ ಅದಾನ, ನಾ ತರತೇನಿ. ನಿನಗ ಹಳೇದ ಕೊಟ್ಟ ಕಳಸತಾರ.” ಉಪಕಾರದಲ್ಲೂ ಒಂದು ಮುಳ್ಳು ಇಟ್ಟು ಅವಳೂ ಹೋದಳು.

ದುಂಡಪ್ಪ ಗರಗಸ ನಿಲ್ಲಿಸಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. “ಅವ್ವಾರ ಯಾರ್ರಿ?”

“ಯಾವ ಅವ್ವಾರ?”

“ಅರ್ಚನಾ ಅವರ ಫೋನಿನ್ಯಾಗ ಹೇಳಿದ್ರಲ್ರಿ. ಅವ್ವಾರನ್ನ ಕರಕೊಂಡ ಬರತೇನಿ, ಅಳತಿ ತಗೋರಿ ಅಂತ.”

ಮಗಳು ಹೇಳಿದ್ದು ದೊಡ್ಡವ್ವ ಅಂತ. ಅದು ರಾಮವ್ವನಿಗೆ ಗೊತ್ತು. ಗರಗಸದ ಸದ್ದಿನಲ್ಲಿ ‘ದೊಡ್ಡ’ ಎಲ್ಲೋ ಬಿದ್ದುಹೋಗಿ ಬರೀ ‘ಅವ್ವ’ ಉಳಿದಿದೆ ಅಂತಲೂ ಆ ಗಳಿಗೆಯಲ್ಲೇ ಗೊತ್ತಾಯಿತು. ಬಾಗಿಲ ಕಡೆ ನೋಡಿದಳು. ಯಾರೂ ಬರುತ್ತಿರಲಿಲ್ಲ.

“ಅವ್ವ ನಾನ,” ಅಂದಳು. ಅವಳು ಸುಳ್ಳು ಹೇಳಿದಳು ಅಂತ ಯಾರೂ ಅನ್ನುವ ಹಾಗಿಲ್ಲ.

“ಹಂಗಾರ ರೊಟ್ಟಿ ಬಡಿಯೂ ಹಂಗ ಕುಂದರ್ರಿ ಯವ್ವಾ, ನೆಲದ ಮ್ಯಾಲ.”

ಕಟ್ಟಿಗೆಯ ಹೊಟ್ಟಿನ ನಡುವೆ ರಾಮವ್ವ ಬಲಗಾಲು ಮಡಚಿ, ಎಡ ಮೊಣಕಾಲು ಎತ್ತಿ ಕೂತು, ಎದುರಿಗಿಲ್ಲದ ಹಿಟ್ಟನ್ನು ಬಡಿದಳು. ದುಂಡಪ್ಪ ಟೇಪು ಹಿಡಿದು ಮೊಣಕಾಲಿನ ಎತ್ತರ ಅಳೆದ, ಮಡಚಿದ ಕಾಲಿನ ಕೆಳಗೆ ಎಷ್ಟು ಸಂದು ಅಂತ ಅಳೆದ. “ಮುಂದಕ ಭಾಳ ಬಗ್ಗತೀರಿ ನೀವು, ಇಳುಕಲ ಜಾಸ್ತಿ ಇಡಬೇಕ,” ಅಂದ. ತಾನು ಮುಂದಕ್ಕೆ ಬಹಳ ಬಾಗುತ್ತೇನೆ ಅಂತ ಯಾರೋ ಒಬ್ಬರು ಮೊದಲ ಸಲ ಹೇಳಿದರು. ರಾಮವ್ವನಿಗೆ ಎದ್ದು ಬಿಡಬೇಕು ಅನಿಸಿತು, ಇನ್ನಷ್ಟು ಹೊತ್ತು ಕೂತಿರಬೇಕು ಅಂತಲೂ ಅನಿಸಿತು.

ಮಗಳು ಬಂದಾಗ ಅವಳು ಸೀರೆ ಝಾಡಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. “ಅಳತಿ ಆತೇನ್ರಿ?” ಅಂತ ಅರ್ಚನಾ ಕೇಳಿದಳು. “ಆತ್ರಿ, ಅವ್ವಾರ ಛಲೋತಂಗ ಕುಂತ ತೋರಸಿದ್ರ,” ಅಂದ ದುಂಡಪ್ಪ. ದೊಡ್ಡವ್ವ ಅಳತೆ ಕೊಟ್ಟೇ ಕರದಂಟಿಗೆ ಹೋಗಿದ್ದಾಳೆ ಅಂದುಕೊಂಡಳು ಮಗಳು. ಕರದಂಟು ಹಿಡಿದು ಬಂದ ಕೆಂಚವ್ವನಿಗೆ, “ಆತ ನಡಿ ದೊಡ್ಡವ್ವಾ, ಬಸ್ಸಿನ ಹೊತ್ತಾತು,” ಅಂದಳು. ನಾನು ಒಳಗೆ ಬಂದಾಗ ಬಡಿಗ ಕಣ್ಣಳತೆಯಲ್ಲೇ ನೋಡಿಕೊಂಡಿದ್ದಾನೆ, ಮೂಡಲಗಿಯ ದರ್ಜಿಯೂ ಹಾಗೇ ಅಲ್ಲವೇ ಅಂದುಕೊಂಡಳು ಕೆಂಚವ್ವ. ರಾಮವ್ವ ಕರದಂಟಿನ ಪೊಟ್ಟಣ ಎದೆಗೆ ಒತ್ತಿಕೊಂಡು ಇಬ್ಬರ ಹಿಂದೆ ನಡೆದಳು. ಅಂದು ಬಸ್ಸಿನಲ್ಲಿ ಎಲ್ಲಿ ಕೂತಳು ಅಂತ ಅವಳಿಗೆ ನೆನಪಿಲ್ಲ.

ಮಣೆ ಬರುವ ಹೊತ್ತಿಗೆ ಓಣಿಯೆಲ್ಲ ತಯಾರಾಗಿತ್ತು. ಹುಕ್ಕೇರಿಯ ರೊಟ್ಟಿ ಕೇಂದ್ರಕ್ಕೆ ಕಾಲೇಜಿನ ಸರ್, ಮೇಡಂ ಬರುವವರಿದ್ದರು. ಅವರ ಮುಂದೆ ಯೂಸರ್ ಮಣೆಯ ಮೇಲೆ ಕೂತು ರೊಟ್ಟಿ ಬಡಿದು ತೋರಿಸಬೇಕು. ಅದು ಸರಿಯಾದರೆ ಅರ್ಚನಾ ಪಾಸು. ಕೆಂಚವ್ವ ಮೂಡಲಗಿಗೆ ಹೋಗಿ ಹಸಿರು ಸೀರೆ ತಂದು, ಓಣಿಯ ಪ್ರತಿ ಮನೆಗೂ ತೋರಿಸಿ, ಕೊನೆಗೆ ಕಿಂಡಿಯ ಕಂಬಳಿ ಈಚೆಗೆ ತಳ್ಳಿ ಅಲ್ಲಿಂದಲೂ ಸೆರಗು ತೋರಿಸಿದಳು. “ಬಣ್ಣ ಒಪ್ಪತೈತೇನ ರಾಮವ್ವಾ?”

“ನಿನಗ ಯಾವ ಬಣ್ಣ ಒಪ್ಪೂದಿಲ್ಲಕ್ಕಾ,” ಅಂದಳು ರಾಮವ್ವ, ಕಂಬಳಿ ಮತ್ತೆ ತುರುಕುತ್ತಾ, ಎರಡು ಅರ್ಥ ಬರುವ ಹಾಗೆ.

ಗೋಕಾಕದಿಂದ ಮಣೆ ತಂದ ಸಂಜೆ ಕೆಂಚವ್ವನ ಅಡುಗೆಮನೆಯಲ್ಲಿ ಮೊಬೈಲು ನಿಲ್ಲಿಸಿ, ಅರ್ಚನಾ ಅಂದಳು, “ಕುಂದರ ದೊಡ್ಡವ್ವಾ.” ಈಚೆ ರಾಮವ್ವ ಕೈಯಲ್ಲಿ ಹಿಟ್ಟು ಹಿಡಿದೇ ಕಿಂಡಿಯ ಹತ್ತಿರ ಸರಿದಳು. ಒಂದು ಧಡಕ್ ಸದ್ದು. ಕೆಂಚವ್ವ ಕಟ್ಟಿಗೆಯ ರಾಶಿಯ ಮೇಲೆ ವಾಲಿದ್ದಳು. ಮೊದಲು ನಗು. ಮತ್ತೆ ಕೂತಳು, ಮತ್ತೆ ವಾಲಿದಳು. ಮೂರನೆಯ ಸಲ ನಗು ಇರಲಿಲ್ಲ.

“ತಗ್ಗ ಉಲ್ಟಾ ಕಡೆ ಐತೆಲ್ಲ,” ಅನ್ನುತ್ತಿದ್ದಳು ಅರ್ಚನಾ. ಆಮೇಲೆ ದುಂಡಪ್ಪನಿಗೆ ಫೋನು. ಅವನ ಉತ್ತರ ಕಿಂಡಿಗೆ ಕೇಳಲಿಲ್ಲ, ಆದರೆ ಮಗಳು ಅದನ್ನೇ ತಿರುಗಿ ಅಂದಳು, “ಅವ್ವಾರ ಕುಂತಂಗ ಮಾಡೀರಿ, ಹೌದಾ? ಆತ್ರಿ.” ಫೋನಿಟ್ಟು ಕೇಳಿದಳು, “ದೊಡ್ಡವ್ವಾ, ಅಲ್ಲಿ ಬ್ಯಾರೆ ನಮೂನಿ ಕುಂತಿಯೇನ? ಮಂದಿ ನೋಡಾಕತ್ರ ಬ್ಯಾರೆ ಕುಂದರತಾರಂತ ನಮ್ಮ ಸರ್ ಹೇಳಿದ್ರು. ಹಂಗಾರ ಇಷ್ಟ ದಿನಾ ನಾ ತಗದ ವಿಡಿಯೋ ಎಲ್ಲಾ ಸುಳ್ಳ.”

“ನಾ ಎಲ್ಲಿ ಕುಂತೇನಿ? ಅಂವ ಕಣ್ಣಳತಿ ಮಾಡ್ಯಾನ!”

“ಕುಂತ ತೋರಸಿದ್ರ ಅಂತಾನಲ್ಲ.”

“ಮತ್ತ ನಾ ಸುಳ್ಳ ಹೇಳತೇನಂತೀಯೇನ? ಇಷ್ಟ ದಿನಾ ನನ್ನ ಬ್ಯಾನಿ ಎಲ್ಲಾ ನಿನ್ನ ಮುಂದ ಸುರವೇನಿ, ಸುಳ್ಳ ಕುಂತೇನಿ ಅಂತೀಯೇನ?” ಕೆಂಚವ್ವ ಮಣೆಯನ್ನು ಬಾಗಿಲ ಕಡೆ ತಳ್ಳಿದಳು. “ನಡಿ, ನಿನ್ನ ಮಣಿ ತಗೊಂಡ ನಡಿ.”

ಮಗಳು ಮಣೆ ಹೊತ್ತುಕೊಂಡು ಮನೆಗೆ ಬಂದಳು.

ಬಂದಳು! ರಾಮವ್ವನ ಎದೆಯಲ್ಲಿ ಮೊದಲು ಆದದ್ದು ಸಂತೋಷವೇ. ಕರದಂಟು ಬಾಯಲ್ಲಿಟ್ಟ ಹಾಗೆ ಒಂದು ಸಿಹಿ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಇಟ್ಟು ಕರೆದಳು. ಅರ್ಚನಾ ಗೋಡೆಗೆ ಒರಗಿ ಕೂತಿದ್ದಳು. ಲ್ಯಾಪ್‌ಟಾಪು ತೆರೆದಿರಲಿಲ್ಲ.

“ಅವ್ವಾ, ನಾ ಸರ್‌ಗೆ ಹೇಳಿಬಿಡತೇನಿ. ಹುಕ್ಕೇರಿಗೆ ಬರಬ್ಯಾಡ್ರಿ ಅಂತ. ಮುಂದಿನ ವರ್ಷ ಮತ್ತ ಮಾಡತೇನಿ. ನನಗ ಮಂದೀನ್ನ ನೋಡಾಕ ಬರೂದಿಲ್ಲ, ಇದ ನನಗ ತಿಳಿಯೂ ಕೆಲಸ ಅಲ್ಲ.”

ಸಿಹಿ ಅಲ್ಲಿಗೆ ಮುಗಿಯಿತು. ಹೇಳಿಬಿಡು ಅಂತ ಒಂದು ಮನಸ್ಸು. ಹೇಳಿದರೆ ಆಚೆಯವಳಿಗೂ ಗೊತ್ತಾಗುತ್ತದಲ್ಲ, ರಾಮವ್ವ ಹೊಟ್ಟೆಕಿಚ್ಚಿಗೆ 'ಅವ್ವ ನಾನ' ಅಂದಳು ಅಂತ ಓಣಿಯೆಲ್ಲ ಹೇಳಿಕೊಂಡು ನಗುತ್ತಾಳಲ್ಲ ಅಂತ ಇನ್ನೊಂದು. ಎರಡರ ನಡುವೆ ಎಣ್ಣೆಗಾಯಿ ಆರಿತು.

ಮರುದಿನ ಬೆಳಿಗ್ಗೆ ಮಾಯಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ಅರ್ಚನಾ ಪಡಸಾಲೆಯಲ್ಲಿ ಮುಸುಕು ಹಾಕಿ ಮಲಗಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಮಣೆ ಬಿದ್ದಿತ್ತು. ಎಸರು ಕುದಿಯಿತು, ಹಿಟ್ಟು ನಾದಿದ್ದಾಯಿತು. ರಾಮವ್ವ ಮಣೆಯನ್ನು ಕಾಲಿನಿಂದ ತುಸು ಹತ್ತಿರ ಎಳೆದಳು. ಹೇಗೂ ಯಾರ ಉಪಯೋಗಕ್ಕೂ ಬಾರದ್ದು ಅಂದುಕೊಂಡಳು. ಕೂತಳು.

ಮಡಚಿದ ಕಾಲು ತಗ್ಗಿನಲ್ಲಿ ತಾನೇ ಹೋಗಿ ಕೂತಿತು. ನಡು ಒಂದು ಹಿಡಿ ಮುಂದೆ ಬಂದು ನೆಟ್ಟಗೆ ನಿಂತಿತು. ಮೊದಲ ರೊಟ್ಟಿ ಬಡಿದಳು, ಎರಡನೆಯದು, ಐದನೆಯದು. ಒಲೆಯ ಕಟ್ಟಿಗೆ ಸರಿ ಮಾಡುವುದು ನೆನಪೇ ಆಗಲಿಲ್ಲ. ಬುಟ್ಟಿಯಲ್ಲಿ ರೊಟ್ಟಿ ಏರುತ್ತಾ ಹೋಯಿತು. ಕದ್ದ ಸುಖಕ್ಕೆ ರುಚಿ ಜಾಸ್ತಿ ಅನ್ನುವ ಹಾಗೆ ಅವಳ ಕೈ ಹಾಡು ಹಿಡಿದಿತ್ತು.

ಕಿಂಡಿಯ ಕಂಬಳಿ ಅಲ್ಲಾಡಿತು. “ರಾಮವ್ವಾ.”

ನಿನ್ನೆಯ ಜಗಳದ ಮೇಲೆ ಕೆಂಚವ್ವ ಮಾತಾಡಿಸುತ್ತಾಳೆ ಅಂತ ಯಾರು ಅಂದುಕೊಂಡಾರು? ರಾಮವ್ವ ಸುಮ್ಮನೆ ಬಡಿದಳು.

“ರಾಮವ್ವಾ, ಆರಾಮ ಅದಿಯಿಲ್ಲ? ಇಂದ ನೀ ನಿಂದರಲೇ ಇಲ್ಲಲ್ಲ.”

“ಏನ ನಿಂದರಲಿಲ್ಲ?”

“ದಿನಾ ನಾಕ ರೊಟ್ಟಿಗೊಮ್ಮಿ ನಿಂದರತಿದ್ದಿ. ಅಯ್ಯ ನನ ಶಿವನ ಅಂತಿದ್ದಿ. ಎಷ್ಟ ವರ್ಷಾತ, ನನ್ನ ಕೈನೂ ಹಂಗ ರೂಢಿ ಆಗೈತಿ, ನೀ ನಿಂತರ ನಾನೂ ನಿಂದರತೇನಿ. ಇಂದ ನೀ ಒಂದಸವನ ಬಡಿಯಾಕತ್ತೀದಿ. ನನಗ ಅಂಜಿಕಿ ಬಂತು, ಒಳಗ ಬ್ಯಾರೆ ಯಾರರೇ ಕುಂತಾರೇನಂತ.”

ರಾಮವ್ವನ ಕೈ ನಿಂತಿತು. ಬಾಗಿಲಲ್ಲಿ ಅರ್ಚನಾ ನಿಂತಿದ್ದಳು, ಮುಸುಕಿನ ಚಾದರ ಇನ್ನೂ ಹೆಗಲ ಮೇಲೆ. ಅವಳು ಅವ್ವನನ್ನು ನೋಡಲಿಲ್ಲ, ಅವ್ವನ ಮಡಚಿದ ಬಲಗಾಲನ್ನು ನೋಡುತ್ತಿದ್ದಳು. ಅದು ತಗ್ಗಿನಲ್ಲಿ, ಅಳೆದು ಮಾಡಿದ ಹಾಗೆ, ಅಂದರೆ ಅಳೆದೇ ಮಾಡಿದ್ದರಿಂದ, ಕೂತಿತ್ತು.

“ಅವ್ವಾ,” ಅಂದಳು. “ದುಂಡಪ್ಪ ಯಾರ ಅಳತಿ ತಗೊಂಡಾ?”

ರಾಮವ್ವ ಹಿಟ್ಟಿನ ಕೈಯಿಂದ ಮುಖ ಒರೆಸಿಕೊಂಡಳು, ಮುಖವೆಲ್ಲ ಬೆಳ್ಳಗಾಯಿತು. “ಅಂವ ಅವ್ವ ಯಾರು ಅಂತ ಕೇಳಿದ. ನಾ ಏನ ಅನ್ನಲಿ? ಅಲ್ಲ ಅನ್ನಲೇನ? ನೀನ ಹೇಳಿದ್ಯಲ್ಲ, ನೀ ಅವ್ವ ಅಷ್ಟ ಅಂತ.” ಸ್ವಲ್ಪ ತಡೆದು, ಕಿಂಡಿಯ ಕಡೆ ನೋಡದೆ ಅಂದಳು, “ಆಕಿ ಸುಳ್ಳ ಕುಂತಿಲ್ಲ. ಆಕಿ ಕುಂತ ಇಲ್ಲ. ಆಕಿಗೆ ಏನೂ ಅನಬ್ಯಾಡ.”

ಕಿಂಡಿಯಾಚೆ ಒಂದು ನಗು ಶುರುವಾಗಿ ಬೆಳೆದು ಕೆಮ್ಮಾಯಿತು. “ಕರದಂಟಿಗೆ ಕಳಿಸಿ ನನ್ನ ಮಣಿ ಕದ್ದೀದಿ!”

“ನಾ ಎಲ್ಲಿ ಕಳಿಸೇನಿ? ನೀನ ದೊಡ್ಡಸ್ತಿಕಿ ಮಾಡಿ ಹ್ವಾದಿ!”

ಅರ್ಚನಾ ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಅವಳು ಕಿಂಡಿಯ ಹತ್ತಿರ ಬಂದು ಕಂಬಳಿಯ ಚೂರನ್ನು ಪೂರಾ ತೆಗೆದಳು. “ದೊಡ್ಡವ್ವಾ, ಅವ್ವಗ ನಡಾ ಹಿಡಿತೈತಿ ಅಂತ ನಿನಗ ಗೊತ್ತಿತ್ತು. ಯಾಕ ಹೇಳಲಿಲ್ಲ?”

“ಆಕಿ ಕಲ್ಲ ಆಗೇನಿ ಅಂದ್ಳಲ್ಲಬೇ. ಆಕಿ ಮುಚ್ಚಿಟ್ಟದ್ದ ನಾ ಯಾಕ ತಗೀಲಿ?” ಕಿಂಡಿಯಲ್ಲಿ ಕೆಂಚವ್ವನ ಅರ್ಧ ಮುಖ ಕಂಡಿತು. “ನಿನಗ ಕೇಳಸೂದಿಲ್ಲಾ ಅಂತ ನನಗೇನ ಗೊತ್ತ? ನೀ ನನ್ನ ಬಾಜೂಕ ಕುಂತಾಗೂ ಆಕಿ ನಿಂದರತಿದ್ಳು.”

ಅರ್ಚನಾ ಅವ್ವನ ಎದುರಿಗೆ, ನೆಲದ ಮೇಲೆ, ಮೊದಲ ದಿನ ಕೂತ ಜಾಗದಲ್ಲೇ ಕೂತಳು. ಮೊಬೈಲು ತೆಗೆಯಲಿಲ್ಲ. ಅವ್ವನ ಮೊಣಕಾಲಿನ ಮೇಲೆ ಕೈ ಇಟ್ಟಳು.

“ನಾಳಿಗೆ ಹುಕ್ಕೇರಿಗೆ ನೀ ಬರಬೇಕು.”

“ನಾನೂ ಬರಾಕಿ,” ಅಂದಿತು ಕಿಂಡಿ. “ಸೀರಿ ತಂದೇನಿ. ಯೂಸರ್ ಒಬ್ಬಾಕಿನ ಇರಬೇಕಂತ ನಿಮ್ಮ ಸರ್ ಹೇಳ್ಯಾರೇನ?”

“ದೊಡ್ಡವ್ವಾ, ಸುಮ್ನಿರ.” ಅರ್ಚನಾ ಅವ್ವನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. “ಅವ್ವಾ, ಮತ್ತ ಕೇಳತೇನಿ. ರೊಟ್ಟಿ ಬಡಿಯೂ ಮುಂದ ನಿನಗ ಎಲ್ಲೆಲ್ಲಿ ಬ್ಯಾನಿ ಆಗತೈತಿ?”

ರಾಮವ್ವ ಬಾಯಿ ತೆರೆದಳು. ‘ನನಗೇನಾಗೈತಿ’ ಅನ್ನುವುದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕಿಂಡಿಯ ಕಡೆ ನೋಡಿದಳು. ಆ ಅರ್ಧ ಮುಖ ಅಲ್ಲೇ ಇತ್ತು, ಕಿವಿ ಈ ಕಡೆ ಮಾಡಿಕೊಂಡು.

“ಮದ್ಲ ಅದನ್ನ ಮುಚ್ಚ,” ಅಂದಳು.

ಅರ್ಚನಾ ಏಳಲಿಲ್ಲ. ಹಂಚು ಬರಿದೇ ಕಾದು ಹೊಗೆ ಎದ್ದಿತು. ರಾಮವ್ವ ಸೆರಗಿನಿಂದ ಅದನ್ನು ಇಳಿಸಿದಳು.

“ನಡಾ,” ಅಂದಳು ಮೆಲ್ಲಗೆ. “ಇಲ್ಲಿ, ಕೆಳಗ. ನೀ ಹುಟ್ಟಿದಾಗಿಂದ. ಆಮ್ಯಾಲ ಏಳೂ ಮುಂದ ಈ ಕಾಲ...”

“ಕಾಲ ಅಲ್ಲಬೇ, ಕುತಿಗಿ ಮದ್ಲ!” ಅಂದಿತು ಕಿಂಡಿ. “ಕುತಿಗಿ ಹಿಂಗ ಹಿಂಗ ಮಾಡತಿರತಿ, ಎಲಬ ಕಟ್ ಅಂದದ್ದ ನನಗಿಲ್ಲಿ ಕೇಳಸತೈತಿ. ಅದನ್ನ ಹೇಳಲೇ ಇಲ್ಲಲ್ಲ!”

ರಾಮವ್ವ ಮಣೆಯಿಂದ ಅರ್ಧ ಎದ್ದಳು. ಯಾರ ಹೆಗಲನ್ನೂ, ಯಾವ ಗೋಡೆಯನ್ನೂ ಹಿಡಿಯದೆ ಎದ್ದಳು. ಅದನ್ನು ಕಂಡವಳು ಅರ್ಚನಾ ಒಬ್ಬಳೇ.

“ಸುಮ್ನಿರಬೇ ನೀ!” ಅಂತ ರಾಮವ್ವ ಕಿಂಡಿಗೆ ಹಿಟ್ಟಿನ ಕೈ ಬೀಸಿದಳು. “ನನ್ನ ಬ್ಯಾನಿ ನಾ ಹೇಳತೇನಿ. ಅದನ್ನೂ ನೀನ ಹೇಳಬೇಕೇನ?”